ಕೊಲೈಟಿಸ್ ಹತೋಟಿಯಲ್ಲಿರುವಾಗಲೂ ಕೊಲೊನೋಸ್ಕೊಪಿ ಬೇಕೆ? ಅನುಭವವುಳ್ಳವರು ತಿಳಿಸಿ

ಪ್ರಶ್ನೆ: ನನ್ನ ತಮ್ಮನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಬರುವ ದೀರ್ಘಕಾಲದ ಕಾಯಿಲೆ) ಇದೆಯೆಂದು ಗೊತ್ತಾಗಿ 7 ವರ್ಷವಾಯಿತು. ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಾನೆ; 2 ವರ್ಷದಿಂದ ರಕ್ತವೂ ಇಲ್ಲ, ಭೇದಿಯೂ ಇಲ್ಲ. ಈಗ ವೈದ್ಯರು ಕ್ಯಾನ್ಸರ್ ತಪಾಸಣೆಗೆಂದು ಕೊಲೊನೋಸ್ಕೊಪಿ (ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಬರೆದುಕೊಟ್ಟಿದ್ದಾರೆ. ಆರಾಮಾಗಿರುವವನಿಗೆ ಇದೆಲ್ಲ ಏಕೆಂದು ಅಮ್ಮ ಕೇಳುತ್ತಿದ್ದಾರೆ. ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ.

ಉತ್ತರ 1: ನನಗೆ ಈ ಕಾಯಿಲೆ ಬಂದು 17 ವರ್ಷವಾಯಿತು. ನಿಮ್ಮ ತಮ್ಮ ಆರಾಮಾಗಿರುವುದರಿಂದಲೇ ಈಗ ಮಾಡಿಸುವುದು ಒಳ್ಳೆಯದು. ಉರಿಯೂತ ಕೆರಳಿರುವಾಗ ಬಯಾಪ್ಸಿ (ಪರೀಕ್ಷೆಗೆಂದು ಕರುಳಿನ ಚಿಕ್ಕ ಚೂರು) ತೆಗೆದರೆ, ಉರಿಯೂತದಿಂದ ರೂಪಗೆಟ್ಟ ಜೀವಕೋಶ ಯಾವುದು, ಕ್ಯಾನ್ಸರಿನತ್ತ ಹೊರಳುತ್ತಿರುವ ಜೀವಕೋಶ, ಅಂದರೆ ಡಿಸ್ಪ್ಲೇಸಿಯಾ, ಯಾವುದು ಎಂದು ಬೇರ್ಪಡಿಸಿ ಹೇಳುವುದು ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟರಿಗೂ ಕಷ್ಟವಾಗುತ್ತದೆ.

ಸಾಮಾನ್ಯವಾಗಿ ರೋಗಲಕ್ಷಣ ಆರಂಭವಾಗಿ 8 ವರ್ಷಕ್ಕೆ ಮೊದಲ ತಪಾಸಣೆ ಮಾಡುತ್ತಾರೆ. ಲೆಕ್ಕವನ್ನು ರೋಗ ಪತ್ತೆಯಾದ ದಿನದಿಂದಲ್ಲ, ಮೊದಲು ರಕ್ತ ಕಂಡ ದಿನದಿಂದ ಹಿಡಿಯಬೇಕು. ನನಗೆ 2 ವರ್ಷ ಮೂಲವ್ಯಾಧಿಯೆಂದೇ ಔಷಧಿ ಕೊಟ್ಟಿದ್ದರು; ಆ 2 ವರ್ಷವನ್ನು ನಾನು ಬಾಯಿಬಿಟ್ಟು ಹೇಳದಿದ್ದರೆ ಯಾವ ಫೈಲಿನಲ್ಲೂ ಸಿಗುತ್ತಿರಲಿಲ್ಲ. ಉರಿಯೂತ ಗುದನಾಳಕ್ಕೆ ಮಾತ್ರ ಸೀಮಿತವಾಗಿದ್ದರೆ ಪದೇ ಪದೇ ತಪಾಸಣೆ ಬೇಕಾಗುವುದಿಲ್ಲ. ಇಡೀ ದೊಡ್ಡ ಕರುಳಿಗೆ ಹಬ್ಬಿದ್ದರೆ, ಅಥವಾ ಒಡಹುಟ್ಟಿದವರಲ್ಲಿ, ತಂದೆತಾಯಿಯರಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ ಅಪಾಯ ಹೆಚ್ಚು. ಇವೆಲ್ಲವನ್ನೂ ನೋಡಿ 1 ವರ್ಷದಿಂದ 5 ವರ್ಷದವರೆಗೆ ಅಂತರ ಗೊತ್ತುಮಾಡುತ್ತಾರೆ.

ಕರುಳನ್ನು ಸ್ವಚ್ಛಗೊಳಿಸುವ ಕೆಲಸವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ನಾನು ಒಮ್ಮೆ ಹಿಂದಿನ ದಿನ ಸೊಪ್ಪಿನ ಸಾರು ಉಂಡು ಹೋಗಿದ್ದೆ. ಅಲ್ಲಲ್ಲಿ ಎಲೆಯ ಚೂರು ಅಂಟಿಕೊಂಡಿದ್ದರಿಂದ ಸರಿಯಾಗಿ ಕಾಣದೆ ಪರೀಕ್ಷೆಯನ್ನೇ ಮುಂದೂಡಿದರು. ಈಗ 3 ದಿನ ಮೊದಲೇ ರಾಗಿ, ಸೊಪ್ಪು, ಬೀಜವಿರುವ ತರಕಾರಿ ಬಿಡುತ್ತೇನೆ. ಔಷಧಿಯ ದ್ರಾವಣವನ್ನು ಅರ್ಧ ರಾತ್ರಿ, ಉಳಿದರ್ಧ ನಸುಕಿನಲ್ಲಿ ಕುಡಿದು, ಹೋಗುವುದು ತಿಳಿಹಳದಿ ನೀರಾಗಿದೆಯೇ ಎಂದು ನೋಡಿಕೊಳ್ಳುತ್ತೇನೆ.

ಬಣ್ಣ ಸಿಂಪಡಿಸಿ ನೋಡುವ ಸೌಲಭ್ಯ, ಅಂದರೆ ಕ್ರೋಮೋಎಂಡೋಸ್ಕೊಪಿ, ಅಲ್ಲಿದೆಯೇ ಎಂದು ಕೇಳಿ. ನನ್ನ ಕರುಳಿನಲ್ಲಿ ಬರಿಗಣ್ಣಿಗೆ ಸುತ್ತಲಿನಂತೆಯೇ ಇದ್ದ ಒಂದು ಚಪ್ಪಟೆ ಜಾಗ, ನೀಲಿ ಬಣ್ಣ ಬಿದ್ದೊಡನೆ ಹೆಸರುಕಾಳಿನಷ್ಟಗಲದ ಅಂಚು ಮೂಡಿಸಿಕೊಂಡು ಎದ್ದು ಕಂಡಿತು. ಅದು ಲೋ ಗ್ರೇಡ್ (ಕೆಳಹಂತದ) ಡಿಸ್ಪ್ಲೇಸಿಯಾ ಎಂದು ವರದಿ ಬಂತು. ಇನ್ನೊಬ್ಬ ಪೆಥಾಲಜಿಸ್ಟರೂ ಸ್ಲೈಡ್ ನೋಡಿ ಅದನ್ನೇ ಹೇಳಿದರು. ಕೊಲೊನೋಸ್ಕೋಪಿನ ಮೂಲಕವೇ ಅದನ್ನು ಪೂರ್ತಿ ತೆಗೆದರು, ಹೊಟ್ಟೆ ಕೊಯ್ಯಬೇಕಾಗಲಿಲ್ಲ. ಆಗಲೂ ನನಗೆ ನೋವಿರಲಿಲ್ಲ, ರಕ್ತವಿರಲಿಲ್ಲ. ಅಮ್ಮನವರಿಗೆ ಇದನ್ನು ಹೇಳಿ.

ಉತ್ತರ 2: ಒಂದು ಮಾತು ಸೇರಿಸುತ್ತೇನೆ. ನಮ್ಮ ಯಜಮಾನರಿಗೆ ಕೊಲೈಟಿಸ್ ಜೊತೆಗೆ ಪಿತ್ತನಾಳಗಳು ಕಿರಿದಾಗುವ ಪಿಎಸ್‌ಸಿ ಎಂಬ ಕಾಯಿಲೆಯೂ ಇದೆ. ಇದಿದ್ದವರು 8 ವರ್ಷ ಕಾಯುವಂತಿಲ್ಲ. ಪತ್ತೆಯಾದಾಗಿನಿಂದಲೇ ಪ್ರತಿವರ್ಷ ಮಾಡಿಸಬೇಕು. ತಮ್ಮನವರ ಲಿವರ್ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚಾಗಿಯೇ ಇದ್ದರೆ ಅದು ಈ ಕಾಯಿಲೆಯ ಸುಳಿವಿರಬಹುದು, ವೈದ್ಯರ ಗಮನಕ್ಕೆ ತನ್ನಿ. ಕೊಲೊನೋಸ್ಕೊಪಿಯ ಬದಲಿಗೆ ಸಿಇಎ (ಕೆಲವು ಕ್ಯಾನ್ಸರಿನಲ್ಲಿ ರಕ್ತದಲ್ಲಿ ಹೆಚ್ಚುವ ಒಂದು ಪ್ರೋಟೀನ್) ರಕ್ತಪರೀಕ್ಷೆ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಆರಂಭದ ಹಂತವನ್ನು ಅದು ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ತಮ್ಮನನ್ನು ಕೇಳಿದೆ, ಪತ್ತೆಯಾಗುವುದಕ್ಕೆ ಒಂದೂವರೆ ವರ್ಷ ಮೊದಲೇ ರಕ್ತ ಹೋಗುತ್ತಿತ್ತಂತೆ. ಬರುವ ವಾರಕ್ಕೆ ದಿನ ಗೊತ್ತುಮಾಡಿದ್ದೇವೆ.