ಕನ್ನಡಕ, ಓಲೆ, ಫ್ಯಾನಿನ ಸದ್ದು: ದುಬಾರಿ ಹೆಡ್‌ಫೋನ್ ಬಳಸುತ್ತಿರುವವರ ಅನುಭವ

ಪ್ರಶ್ನೆ, ಧಾರವಾಡದಿಂದ

ನಾನು ನಿವೃತ್ತ ಅಧ್ಯಾಪಕ. ರಾತ್ರಿ ಊಟವಾದ ಮೇಲೆ ಎರಡು ಗಂಟೆ ಹಿಂದುಸ್ತಾನಿ ಖಯಾಲ್ ಗಾಯನ ಕೇಳುವುದು ನನ್ನ ಹಳೆಯ ರೂಢಿ. ಸಂಗ್ರಹದಲ್ಲಿ ಹೆಚ್ಚಿನವು 1950 ಮತ್ತು 60ರ ದಶಕದ ಆಕಾಶವಾಣಿ ಧ್ವನಿಮುದ್ರಣಗಳು, ಉಳಿದವು ಈಚಿನ ಸಿ.ಡಿ.ಗಳು. ಸ್ಪೀಕರ್ ಹಾಕಿದರೆ ಮನೆಯವರ ನಿದ್ದೆ ಕೆಡುವುದರಿಂದ ಒಂದು ಒಳ್ಳೆಯ ಹೆಡ್‌ಫೋನ್ ಕೊಳ್ಳಬೇಕೆಂದಿದ್ದೇನೆ. ಸೆನ್‌ಹೈಸರ್ ಎಚ್‌ಡಿ 600, ಅದೇ ಕಂಪನಿಯ ಎಚ್‌ಡಿ 800 ಎಸ್, ಔಡೀಜ್ ಎಲ್‌ಸಿಡಿ-ಎಕ್ಸ್, ಈ ಮೂರರ ನಡುವೆ ಮನಸ್ಸು ಓಲಾಡುತ್ತಿದೆ. ನನ್ನದು ದಪ್ಪ ಕಡ್ಡಿಯ ಕನ್ನಡಕ. ಕುತ್ತಿಗೆ ನೋವೂ ಸ್ವಲ್ಪ ಇದೆ. ಇವನ್ನು ತಲೆಗೆ ಹಾಕಿ ನೋಡಲು ಬಿಡುವ ಅಂಗಡಿ ನನಗೆ ಹತ್ತಿರದಲ್ಲಿ ಸಿಕ್ಕಿಲ್ಲ. ಓದಿದ ವಿಮರ್ಶೆಗಳೆಲ್ಲ ಧ್ವನಿಯನ್ನು ವರ್ಣಿಸುತ್ತವೆಯೇ ಹೊರತು ಎರಡನೆಯ ಗಂಟೆಯಲ್ಲಿ ಕಿವಿಯ ಹಿಂದೆ ಏನಾಗುತ್ತದೆಂದು ಹೇಳುವುದಿಲ್ಲ. ದಿನವೂ ಬಳಸುತ್ತಿರುವವರು ದಯವಿಟ್ಟು ಅನುಭವ ತಿಳಿಸಬೇಕು.

ಮೈಸೂರಿನಿಂದ (ಎಚ್‌ಡಿ 600 ಒಂಬತ್ತು ವರ್ಷ, ಎಚ್‌ಡಿ 800 ಎಸ್ ಮೂರು ವರ್ಷ)

ಸರ್, ಕನ್ನಡಕ, ಕುತ್ತಿಗೆ, ಹಳೆಯ ಧ್ವನಿಮುದ್ರಣ ಎಂದು ನೀವು ಬರೆದಿರುವುದರಲ್ಲಿಯೇ ಅರ್ಧ ಉತ್ತರವಿದೆ. ಎರಡೂ ನನ್ನ ಬಳಿ ಇರುವುದರಿಂದ, ಮತ್ತು ನಾನೂ ಕನ್ನಡಕದವನೇ ಆದ್ದರಿಂದ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಚ್‌ಡಿ 600 1997ರಲ್ಲಿ ಬಂದ ಮಾದರಿ, ಇಂದಿಗೂ ತಯಾರಾಗುತ್ತಿದೆ. ತೂಕ 260 ಗ್ರಾಂ. 800 ಎಸ್ 330 ಗ್ರಾಂ. ಕಾಗದದ ಮೇಲೆ ಮೊದಲನೆಯದೇ ಹಗುರ. ಆದರೆ ತಲೆಯ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ಹೊಸ 600 ಎರಡೂ ಕಡೆಯಿಂದ ಬಿಗಿಯಾಗಿ ಹಿಡಿಯುತ್ತದೆ. ಆ ಹಿಡಿತವೆಲ್ಲ ಕನ್ನಡಕದ ಕಡ್ಡಿಯ ಮೇಲೆ ಬಿದ್ದು, ಕಡ್ಡಿ ಕಿವಿಯ ಮೇಲಿನ ಎಲುಬಿಗೆ ಒತ್ತಿ, ನಲವತ್ತು ನಿಮಿಷಕ್ಕೆಲ್ಲ ನಾನು ಅದನ್ನು ತೆಗೆದಿಡುತ್ತಿದ್ದೆ. 800 ಎಸ್‌ನ ಬಟ್ಟಲುಗಳು ದೊಡ್ಡವು. ಕಿವಿಯನ್ನು ಮುಟ್ಟದೆ ಸುತ್ತಲಿನ ಎಲುಬಿನ ಮೇಲೆ ಹರಡಿ ಕೂರುತ್ತವೆ. ಬಿಚ್ಚಿಡಲು ಮರೆತು ಹಾಗೆಯೇ ನೀರು ಕುಡಿಯಲು ಎದ್ದು ತಂತಿ ಎಳೆದಾಗಲೇ ತಲೆಯ ಮೇಲಿದೆಯೆಂದು ನೆನಪಾದದ್ದುಂಟು.

600ರ ಬಿಗಿತಕ್ಕೆ ಉಪಾಯವಿದೆ. ತಲೆಪಟ್ಟಿಯ ಎರಡೂ ತುದಿಗಳನ್ನು ಪೂರ್ತಿ ಹೊರಗೆಳೆದರೆ ನಡುವೆ ತೆಳುವಾದ ಲೋಹದ ಪಟ್ಟಿ ಕಾಣುತ್ತದೆ. ಅದನ್ನು ಮಾತ್ರ ಎರಡು ಹೆಬ್ಬೆರಳುಗಳಿಂದ ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಬಗ್ಗಿಸಬೇಕು, ಪ್ಲಾಸ್ಟಿಕ್ಕಿಗೆ ಬಲ ತಾಗಬಾರದು. ಮೊದಲು ನನಗೆ ಧೈರ್ಯ ಸಾಲದೆ ಎರಡು ದಪ್ಪ ನಿಘಂಟುಗಳನ್ನು ಒತ್ತಾಗಿ ನಿಲ್ಲಿಸಿ, ಒಂದು ವಾರ ರಾತ್ರಿ ಹೊತ್ತು ಅವುಗಳ ಮೇಲೇ ಏರಿಸಿಟ್ಟಿದ್ದೆ. ಅದರಿಂದ ಕಾಲು ಭಾಗದಷ್ಟು ಉಪಯೋಗವಾಯಿತು, ಉಳಿದದ್ದು ಬಗ್ಗಿಸಿದ ಮೇಲೆಯೇ. ಅತಿಯಾಗಿ ಸಡಿಲಿಸಿದರೆ ಬಟ್ಟಲು ಕಿವಿಯ ಕೆಳಗಡೆ ಎದ್ದುಕೊಂಡು ಬೇಸ್, ಎಂದರೆ ಕೆಳಸ್ಥಾಯಿಯ ನಾದ, ಸೊರಗುತ್ತದೆ. ಆದ್ದರಿಂದ ದಿನಕ್ಕೊಂದು ಸಲ ಬಗ್ಗಿಸಿ, ಪರಿಚಿತವಾದ ಒಂದೇ ಧ್ವನಿಮುದ್ರಣವನ್ನು ಕೇಳಿ ನೋಡುತ್ತಿರಿ.

ಧ್ವನಿಯ ಮಾತು. 800 ಎಸ್‌ನ ಹೆಗ್ಗಳಿಕೆ ಅದರ ವಿಶಾಲವಾದ ವೇದಿಕೆ. ಈಚಿನ ಒಳ್ಳೆಯ ಸ್ಟೀರಿಯೊ ಮುದ್ರಣದಲ್ಲಿ ತಂಬೂರಿ ಒಂದು ಪಕ್ಕ, ತಬಲಾ ಇನ್ನೊಂದು ಪಕ್ಕ, ಹಾರ್ಮೋನಿಯಂ ಸ್ವಲ್ಪ ಹಿಂದೆ ಎಂಬಂತೆ, ಸಭೆಯ ಮೂರನೆಯ ಸಾಲಿನಲ್ಲಿ ಕುಳಿತ ಅನುಭವವಾಗುತ್ತದೆ. ತಂಬೂರಿಯ ಜವಾರಿ, ಎಂದರೆ ಅದರ ಝೇಂಕಾರ, ಒಂದೇ ಗುಂಯ್ ಆಗಿ ಉಳಿಯದೆ, ತಂತಿ ಮೀಟಿದ ಕ್ಷಣದಿಂದ ಮೇಲಿನ ಸ್ವಯಂಭೂ ಸ್ವರಗಳು ಒಂದೊಂದಾಗಿ ಅರಳುವುದು ಕೇಳುತ್ತದೆ. ಆದರೆ ನಿಮ್ಮ ಸಂಗ್ರಹದ ಬಹುಪಾಲು ಮೋನೋ. ಮೋನೋ ಮುದ್ರಣಕ್ಕೆ ಎಡಬಲವೆಂಬುದೇ ಇಲ್ಲ. ಎಷ್ಟು ವಿಶಾಲ ವೇದಿಕೆ ಕೊಟ್ಟರೂ ಗಾಯಕರು ನಡುವೆಯೇ ನಿಲ್ಲುತ್ತಾರೆ. ಅಷ್ಟು ಹಣ ಕೊಟ್ಟು ಕಟ್ಟಿಸಿದ ವೇದಿಕೆಯ ಎರಡೂ ಬದಿಗಳು ಖಾಲಿ ಬಿದ್ದಿರುತ್ತವೆ. ಇನ್ನೊಂದು ವಿಷಯ: 2009ರ ಮೂಲ ಎಚ್‌ಡಿ 800ರಲ್ಲಿ 6 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಧ್ವನಿ ಅತಿಯಾಗಿ ಎದ್ದು ಕೇಳುವ ಒಂದು ಏರು ಇತ್ತು, 2016ರ ಎಸ್ ಮಾದರಿಯಲ್ಲಿ ಅದನ್ನು ತಗ್ಗಿಸಿದರು. ಹಾಗಿದ್ದೂ ಟ್ರೆಬಲ್, ಎಂದರೆ ಮೇಲುಸ್ಥಾಯಿಯ ನಾದದ, ಕಡೆ ಅದರ ಒಲವು ಪೂರ್ತಿ ಹೋಗಿಲ್ಲ. ಹಳೆಯ ಟೇಪಿನ ಸುಯ್ ಎಂಬ ಸದ್ದು, ಬಂದಿಶ್‌ನ ‘ಸ’ಕಾರ ‘ಶ’ಕಾರಗಳು ನನ್ನ ಕಿವಿಗೆ ಇದರಲ್ಲಿ ಮುಳ್ಳಿನಂತೆ ಎದ್ದು ನಿಲ್ಲುತ್ತವೆ.

600ರ ಬಲ ಇರುವುದು ನಡುವಿನ ಸ್ಥಾಯಿಯಲ್ಲಿ, ಎಂದರೆ ಮನುಷ್ಯ ಕಂಠ ಓಡಾಡುವ ಜಾಗದಲ್ಲಿ. ಮಂದ್ರದ ಆಳವಾದ ಗುಡುಗು ಇದರಲ್ಲಿಲ್ಲ, ವೇದಿಕೆಯೂ ಕಿರಿದು. ಆದರೆ ಆಲಾಪದಲ್ಲಿ ಗಾಯಕರು ಷಡ್ಜಕ್ಕೆ ಬಂದು ನಿಲ್ಲುವ ಮುನ್ನ ತೆಗೆದುಕೊಳ್ಳುವ ಸಣ್ಣ ಉಸಿರು, ಅವರು ಮೈಕಿನಿಂದ ಮುಖ ತಿರುಗಿಸಿದಾಗ ಕಂಠ ಮಸುಕಾಗುವುದು, ಇವೆಲ್ಲ ಬಣ್ಣ ಬೆರೆಸದೆ ಬರುತ್ತವೆ. ನನ್ನಲ್ಲಿ ದುಬಾರಿಯದು ಇದ್ದರೂ ಆಕಾಶವಾಣಿಯ ಮುದ್ರಣಗಳಿಗೆ ಕೈ 600ರ ಕಡೆಗೇ ಹೋಗುತ್ತದೆ.

ಬೆಂಗಳೂರಿನಿಂದ (ಎಲ್‌ಸಿಡಿ-ಎಕ್ಸ್, ನಾಲ್ಕು ವರ್ಷ)

ಈ ಕಂಪನಿಯ ಹೆಸರನ್ನು ‘ಆಡಿಸಿ’ ಎಂದು ಉಚ್ಚರಿಸಬೇಕಂತೆ. ನಾನು ಮಾತ್ರ ಔಡೀಜ್ ಎಂದೇ ಕರೆದುಕೊಂಡು ಬಂದಿದ್ದೇನೆ. ಧ್ವನಿಯ ಬಗ್ಗೆ ನನಗೆ ದೂರಿಲ್ಲ. ಇದು ಪ್ಲೇನಾರ್ ಮಾದರಿ: ಅಯಸ್ಕಾಂತದ ಬಲಕ್ಷೇತ್ರದಲ್ಲಿ ಬಿಗಿದ 106 ಮಿಲಿಮೀಟರಿನ ತೆಳು ಹಾಳೆಯೇ ಇಡಿಯಾಗಿ ಕಂಪಿಸುತ್ತದೆ. ಡಗ್ಗಾದ (ತಬಲಾ ಜೋಡಿಯ ದೊಡ್ಡ ಎಡವಾದ್ಯದ) ಮೇಲೆ ಅಂಗೈಯ ಬುಡ ಒತ್ತಿ ಜಾರಿಸಿದಾಗ ನಾದ ಕೆಳಗಿನಿಂದ ಮೇಲಕ್ಕೆ ಏರುವ ಆ ಘುಂ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕೇಳಿಲ್ಲ. ಬೇರೆ ಹೆಡ್‌ಫೋನುಗಳಲ್ಲಿ ಅದು ಬರಿಯ ಏಟು, ಇಲ್ಲಿ ಅದು ಸ್ವರ.

ಆದರೆ ತೂಕ 600 ಗ್ರಾಂ ದಾಟುತ್ತದೆ. ಕುತ್ತಿಗೆ ನೋವು ಎಂದು ಬರೆದಿದ್ದೀರಿ, ಆದ್ದರಿಂದ ಖಂಡಿತವಾಗಿ ಹೇಳುತ್ತೇನೆ. ತಲೆ ಹಿಂದಕ್ಕೆ ಒರಗಿಸುವ ಆರಾಮ ಕುರ್ಚಿಯಲ್ಲಿ ಕುಳಿತರೆ ಎರಡು ಗಂಟೆ ಕಷ್ಟವಿಲ್ಲ. ಮೇಜಿನ ಮುಂದೆ ಬಾಗಿ ಪುಸ್ತಕ ಓದುತ್ತ ಕೇಳುವ ಅಭ್ಯಾಸವಿದ್ದರೆ ಅರ್ಧ ಗಂಟೆಗೇ ಭುಜದವರೆಗೂ ಎಳೆತ ಬರುತ್ತದೆ. ಕೊಳ್ಳುವ ಮೊದಲು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ. ಅರ್ಧ ಕಿಲೋ ಅಕ್ಕಿಯನ್ನು ಟವೆಲ್ಲಿನಲ್ಲಿ ಸುತ್ತಿ, ತಲೆಯ ಮೇಲಿಟ್ಟುಕೊಂಡು, ನೀವು ದಿನವೂ ಕೂರುವ ಜಾಗದಲ್ಲಿಯೇ ಒಂದು ವಿಲಂಬಿತ್ (ನಿಧಾನ ಲಯದ) ಖಯಾಲ್ ಪೂರ್ತಿ ಕೇಳಿ. ನಗುವವರು ನಗಲಿ.

ಕನ್ನಡಕದ ವಿಷಯದಲ್ಲಿ ಇನ್ನೊಂದು ಮುಖ್ಯ ಮಾತು. ಈ ಬಗೆಯ ಹೆಡ್‌ಫೋನಿಗೆ ಪ್ಯಾಡು ಚರ್ಮಕ್ಕೆ ಸುತ್ತಲೂ ಅಂಟಿ ಕೂರಬೇಕು. ದಪ್ಪ ಕಡ್ಡಿ ಪ್ಯಾಡಿನ ಕೆಳಗೆ ಹೋದಲ್ಲಿ ಸಂದು ಬಿಟ್ಟುಕೊಳ್ಳುತ್ತದೆ, ಆ ಸಂದಿನಿಂದ ಬೇಸ್‌ನ ಒತ್ತಡ ಹೊರಗೆ ಸೋರಿಹೋಗುತ್ತದೆ. ನನ್ನ ಹಳೆಯ ಕನ್ನಡಕದಲ್ಲಿ ಡಗ್ಗಾದ ಕೆಳಸ್ಥಾಯಿ ತೆಳ್ಳಗಾಗುತ್ತಿತ್ತು. ಕನ್ನಡಕ ತೆಗೆದರೆ ಅದೇ ಹಾಡು ಬೇರೆ ಹೆಡ್‌ಫೋನಿನಲ್ಲಿ ಕೇಳಿದಂತಾಗುತ್ತಿತ್ತು. ತೆಳುವಾದ ಟೈಟಾನಿಯಂ ಕಡ್ಡಿಯ ಕನ್ನಡಕ ಮಾಡಿಸಿಕೊಂಡ ಮೇಲೆ ಆ ತೊಂದರೆ ಹೆಚ್ಚುಕಡಿಮೆ ತಪ್ಪಿತು. ಹೆಡ್‌ಫೋನಿನ ಕೇಬಲ್ ಬದಲಾಯಿಸಿ ಹಣ ಕಳೆಯುವವರನ್ನು ನೋಡಿದ್ದೇನೆ, ನನ್ನ ಅನುಭವದಲ್ಲಿ ಕನ್ನಡಕದ ಕಡ್ಡಿ ಮಾಡಿದಷ್ಟು ವ್ಯತ್ಯಾಸವನ್ನು ಯಾವ ಕೇಬಲ್ಲೂ ಮಾಡಿಲ್ಲ.

ಮಂಗಳೂರಿನಿಂದ (ಬೇಯರ್‌ಡೈನಾಮಿಕ್ ಡಿಟಿ 880, ಆರು ವರ್ಷ)

ನಾನು ವೀಣೆ ಕಲಿಸುವವಳು. ಈವರೆಗೆ ಬರೆದವರು ಗಂಡಸರೇ ಇರಬೇಕು ಎಂದುಕೊಂಡಿದ್ದೇನೆ, ಏಕೆಂದರೆ ಓಲೆಯ ಮಾತನ್ನು ಯಾರೂ ಎತ್ತಿಲ್ಲ. ತಿರುಪಿನ ಓಲೆ ಹಾಕಿಕೊಂಡು ಬಿಗಿಯಾದ ಹೆಡ್‌ಫೋನ್ ಧರಿಸಿದರೆ ತಿರುಪು ಕಿವಿಯ ಹಿಂದಿನ ಚರ್ಮಕ್ಕೆ ಚುಚ್ಚುತ್ತದೆ, ಅರ್ಧ ಗಂಟೆಯಲ್ಲಿ ಅಲ್ಲಿ ಕೆಂಪು ಗುರುತು ಬೀಳುತ್ತದೆ. ಅಂಡಾಕಾರದ ಪ್ಯಾಡಿನಲ್ಲಿ ನನಗೆ ಇದು ಹೆಚ್ಚು. ಡಿಟಿ 880ರ ಪ್ಯಾಡು ಗುಂಡಗೆ, ಮಖಮಲ್ಲಿನದು, ಒಳಗೆ ಜಾಗ ಹೆಚ್ಚಿರುವುದರಿಂದ ಓಲೆ ತೆಗೆಯದೆಯೇ ಕೇಳಬಲ್ಲೆ. ತುರುಬು ಕಟ್ಟಿದರೆ ತಲೆಪಟ್ಟಿ ಮುಂದಕ್ಕೆ ಜಾರಿ ಬಟ್ಟಲಿನ ಕೋನವೇ ಬದಲಾಗುತ್ತದೆ, ಜಡೆಯಾದರೆ ತೊಂದರೆಯಿಲ್ಲ. ಕೇಳಿದ ಅಧ್ಯಾಪಕರಿಗೆ ಇದು ಬೇಡದಿರಬಹುದು, ಅವರ ಮನೆಯವರಿಗೆ ಬೇಕಾದೀತು.

ಧ್ವನಿಯಲ್ಲಿ ಇದು ಬೆಳಕಿನ ಕಡೆಯದು, ಎಂದರೆ ಟ್ರೆಬಲ್ ಎದ್ದು ಕೇಳುವಂಥದು. ವೀಣೆಯ ತಂತಿಯನ್ನು ಉಗುರು ಮುಟ್ಟುವ ಸದ್ದು, ಎಳೆದ ಗಮಕದಲ್ಲಿ ತಂತಿ ಮೆಟ್ಟಿಲಿಗೆ ಉಜ್ಜುವ ಸದ್ದು ಚೆನ್ನಾಗಿ ಕೇಳುತ್ತವೆ. ಹಳೆಯ ಮುದ್ರಣಗಳಿಗೆ ಅಷ್ಟು ಬೆಳಕು ಹೆಚ್ಚಾದೀತು. ಮೈಸೂರಿನವರು 800 ಎಸ್ ಬಗ್ಗೆ ಬರೆದ ಆಕ್ಷೇಪವೇ ಇದಕ್ಕೂ ಸಲ್ಲುತ್ತದೆ.

ನೀವು ಹೆಸರಿಸಿದ ಮೂರೂ ಓಪನ್‌ಬ್ಯಾಕ್ ಮಾದರಿಗಳು, ಎಂದರೆ ಹೊರಗಿನ ಸದ್ದನ್ನು ತಡೆಯುವುದೂ ಇಲ್ಲ, ಒಳಗಿನದನ್ನು ಬಿಗಿಹಿಡಿಯುವುದೂ ಇಲ್ಲ. ಪಕ್ಕದ ಮಂಚದಲ್ಲಿ ಮಲಗಿದವರಿಗೆ ಗಾಯನ ಸಣ್ಣದಾಗಿ ಕೇಳುತ್ತದೆ. ಬೇಸಿಗೆಯಲ್ಲಿ ಫ್ಯಾನಿನ ಸದ್ದು ತಂಬೂರಿಯ ಶ್ರುತಿಗೆ ಸ್ಪರ್ಧಿಸುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಎಷ್ಟೇ ಬೆಲೆಯ ಓಪನ್‌ಬ್ಯಾಕ್ ಆದರೂ ಕೈಚೆಲ್ಲುತ್ತದೆ. ಆ ತಿಂಗಳುಗಳಿಗೆಂದು ಕೊಂಡ ಇನ್ನೊಂದು ಮುಚ್ಚಿದ ಹೆಡ್‌ಫೋನಿನ ಕೃತಕ ಚರ್ಮದ ಪ್ಯಾಡು ಎರಡನೆಯ ಮಳೆಗಾಲಕ್ಕೆ ಕಪ್ಪು ಚಕ್ಕೆಯಾಗಿ ಉದುರಿ ಕಿವಿಗೆಲ್ಲ ಅಂಟಿಕೊಂಡಿತು. ಕಂಪನಿಯ ಹೆಸರು ಬೇಡ. ಬಟ್ಟೆಯ ಅಥವಾ ಮಖಮಲ್ಲಿನ ಪ್ಯಾಡು ಸಿಗುವ ಮಾದರಿಯನ್ನೇ ಆರಿಸಿ ಎಂದಷ್ಟೇ ನನ್ನ ಸಲಹೆ.

ದುಬೈಯಿಂದ (ಎಚ್‌ಡಿ 650)

ಎರಡು ವಿಷಯ ಮಾತ್ರ. ಎಚ್‌ಡಿ 600ರ ವಿದ್ಯುತ್ ಪ್ರತಿರೋಧ 300 ಓಮ್, ಫೋನಿಗೆ ಸಾಲದು, ದೊಡ್ಡ ಆಂಪ್ಲಿಫೈಯರ್ ಬೇಕೇ ಬೇಕು ಎಂದು ಅಂಗಡಿಯವರು ಹೇಳುತ್ತಾರೆ. 1 ವೋಲ್ಟ್ ಕೊಡುವ, ಫೋನಿಗೆ ಸಿಕ್ಕಿಸುವ ಚಿಕ್ಕ ಯುಎಸ್‌ಬಿ ಡಾಂಗಲ್‌ನಿಂದ ಇದಕ್ಕೆ ಸಿಗುವುದು 3 ಮಿಲಿವ್ಯಾಟ್‌ಗಿಂತ ತುಸು ಹೆಚ್ಚು ಎಂಬುದು ನಿಜ, ಆದರೆ ರಾತ್ರಿಯ ಮೌನದಲ್ಲಿ ಖಯಾಲ್ ಕೇಳಲು ನನಗೆ ಅದರಲ್ಲಿ ಮುಕ್ಕಾಲು ಪಾಲೂ ಬೇಕಾಗಿಲ್ಲ. ಮೊದಲು ಡಾಂಗಲ್‌ನಿಂದ ಕೇಳಿ, ಕೊರತೆ ಕಂಡರೆ ಆಮೇಲೆ ಆಂಪ್ಲಿಫೈಯರ್ ಯೋಚಿಸಿ.

ಎರಡನೆಯದು: ನಿಮ್ಮ ಹಳೆಯ ಮುದ್ರಣಗಳನ್ನು ಯಾರೋ ಸ್ಟೀರಿಯೊ ಡೆಕ್ಕಿನಿಂದ ಇಳಿಸಿದ್ದಾರೆ ಎಂದಾದರೆ, ಗಾಯನ ಎರಡು ಕಿವಿಗೂ ಒಂದೇ, ಆದರೆ ಟೇಪಿನ ಗದ್ದಲ ಎರಡಕ್ಕೂ ಬೇರೆಬೇರೆ. ಹೆಡ್‌ಫೋನಿನಲ್ಲಿ ಕಂಠ ನಡುವೆ ನಿಂತು, ಗದ್ದಲ ಮಾತ್ರ ತಲೆಯ ಸುತ್ತ ಹರಡುತ್ತದೆ. ಇದು ಬಹಳ ಆಯಾಸ ತರುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಶ್ರವಣ ಸಹಾಯದ ಭಾಗದಲ್ಲಿ, ಮೋನೋ ಆಡಿಯೊ ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಎರಡೂ ಸೇರಿ, ಗಾಯನ ಹಾಗೆಯೇ ಉಳಿದು ಗದ್ದಲ ಒಂದಿಷ್ಟು ತಗ್ಗುತ್ತದೆ. ಕಾಸಿನ ಖರ್ಚಿಲ್ಲ.

ಮತ್ತೆ ಧಾರವಾಡದಿಂದ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕಿಯ ಪರೀಕ್ಷೆ ಮಾಡಿದೆ. ಇಪ್ಪತ್ತೈದು ನಿಮಿಷಕ್ಕೆ ಗಂಟು ಇಳಿಸಿದೆ, ವಿಲಂಬಿತ್ ಇನ್ನೂ ಅಂತರಾಕ್ಕೂ (ಎರಡನೆಯ ಭಾಗಕ್ಕೂ) ಬಂದಿರಲಿಲ್ಲ; ಎಲ್‌ಸಿಡಿ-ಎಕ್ಸ್ ಆಸೆ ಅಲ್ಲಿಗೆ ಬಿಟ್ಟೆ. ಮೋನೋ ಗುಂಡಿಯನ್ನು ಮೊಮ್ಮಗಳು ಹುಡುಕಿಕೊಟ್ಟಳು. ಅವಳದೇ ಸಾದಾ ಇಯರ್‌ಫೋನಿನಲ್ಲಿ ಕೇಳಿದರೂ, ಇಷ್ಟು ವರ್ಷ ಎಡಗಿವಿಯಲ್ಲಿ ಕರಕರ ಎನ್ನುತ್ತಿದ್ದ ಮಾರ್ವಾ ರಾಗದ ಒಂದು ಗಾಯನ ಈಗ ನಡುವಿಗೆ ಬಂದು ಕುಳಿತಿದೆ. ಎಚ್‌ಡಿ 600 ಎಂದು ನಿಶ್ಚಯಿಸಿದ್ದೇನೆ, ಅದಕ್ಕೂ ಮೊದಲು ತೆಳು ಕಡ್ಡಿಯ ಕನ್ನಡಕಕ್ಕೆ ಅಳತೆ ಕೊಟ್ಟು ಬಂದಿದ್ದೇನೆ. ಮೈಸೂರಿನವರಿಗೆ ಒಂದು ಪ್ರಶ್ನೆ: ಪ್ಯಾಡು ಎಷ್ಟು ದಿನ ಬಾಳುತ್ತದೆ?

ಮೈಸೂರಿನಿಂದ

ನಾನು ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ. ಬಟ್ಟೆ ಸವೆಯುವವರೆಗೆ ಕಾಯಬೇಡಿ, ಸರ್. ಒಳಗಿನ ಫೋಮ್ ಸಪಾಟಾದರೆ ಕಿವಿ ಡ್ರೈವರಿಗೆ, ಎಂದರೆ ಸದ್ದು ಹುಟ್ಟಿಸುವ ಭಾಗಕ್ಕೆ, ಹತ್ತಿರವಾಗಿ ಧ್ವನಿಯ ಸಮತೋಲ ಬದಲಾಗುತ್ತದೆ. ನಿಧಾನವಾಗಿ ಆಗುವುದರಿಂದ ನಮಗೇ ತಿಳಿಯುವುದಿಲ್ಲ. ಹೊಸದಾಗಿ ಬಂದ ದಿನವೇ ಪ್ಯಾಡಿನ ದಪ್ಪವನ್ನು ಸ್ಕೇಲಿನಿಂದ ಅಳೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಟ್ಟುಕೊಳ್ಳಿ. ನಾನು ಅಳೆದಿಡದೆ ಮೊದಲ ಜೊತೆಯನ್ನು ನಾಲ್ಕು ವರ್ಷ ಎಳೆದಿದ್ದೆ.