ಜಿಎಲ್‌ಪಿಐ 10: ಸರಳ ಇಂಟರ್‌ಫೇಸ್‌ನಲ್ಲಿ ಬಚ್ಚಿಟ್ಟ ಫೀಲ್ಡ್‌ಗಳು ಕೆಟಗರಿ ಆರಿಸಿದ ಕೂಡಲೇ ಹೊರಗೆ ಬರುತ್ತಿವೆ

ಹೊಸಹಾಳೆ ಕೇಳಿದ್ದು:

ಐಟಿ ದೂರುಗಳನ್ನು ಟಿಕೆಟ್‌ಗಳಾಗಿ ದಾಖಲಿಸುವ ಜಿಎಲ್‌ಪಿಐ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಆದಷ್ಟು ಚಿಕ್ಕ ಟಿಕೆಟ್ ಫಾರ್ಮ್ ಕೊಡಬೇಕಿದೆ. ಕೆಟಗರಿ, ವಿವರ, ಬೇಕಿದ್ದರೆ ಒಂದು ಸ್ಕ್ರೀನ್‌ಶಾಟ್, ಅಷ್ಟು ಸಾಕು. ಅವರ ಸೆಲ್ಫ್-ಸರ್ವಿಸ್ ಪ್ರೊಫೈಲ್ (ಅನುಮತಿಗಳ ಗುಂಪು) ಸಿಂಪ್ಲಿಫೈಡ್, ಅಂದರೆ ಸರಳ, ಇಂಟರ್‌ಫೇಸ್‌ನಲ್ಲೇ ಇದೆ. ಹೊಸ ಟಿಕೆಟ್ ಟೆಂಪ್ಲೇಟ್ (ಫಾರ್ಮ್‌ನಲ್ಲಿ ಯಾವ ಫೀಲ್ಡ್ ಕಾಣಬೇಕು, ಯಾವುದು ಕಡ್ಡಾಯ ಎಂಬ ಮಾದರಿ) ಮಾಡಿ ಟೈಟಲ್, ಅರ್ಜೆನ್ಸಿ, ಲೊಕೇಶನ್, ಅಬ್ಸರ್ವರ್ (ಟಿಕೆಟನ್ನು ಗಮನಿಸುವವರು) ನಾಲ್ಕನ್ನೂ ಹಿಡನ್ ಫೀಲ್ಡ್ಸ್‌ಗೆ ಸೇರಿಸಿ, ಎಂಟಿಟಿಯಲ್ಲಿ (ಜಿಎಲ್‌ಪಿಐನಲ್ಲಿ ಸಂಸ್ಥೆಯ ಒಂದು ವಿಭಾಗ) ಆ ಟೆಂಪ್ಲೇಟ್ ಹಾಕಿದ್ದೇನೆ.

ಫಾರ್ಮ್ ತೆರೆದಾಗ ಸರಿಯಾಗಿಯೇ ಇರುತ್ತದೆ. ಕೆಟಗರಿ ಆರಿಸಿದ ಮರುಕ್ಷಣ ಫಾರ್ಮ್ ಮತ್ತೆ ಲೋಡ್ ಆಗಿ ನಾಲ್ಕೂ ಕಾಣಿಸಿಕೊಳ್ಳುತ್ತವೆ. ಎಲ್ಲ ಕೆಟಗರಿಗಳಲ್ಲಿ ಹೀಗಾಗುವುದಿಲ್ಲ, ಕೆಲವದರಲ್ಲಿ ಮಾತ್ರ. ಇನ್ನೆರಡು ತೊಂದರೆಗಳಿವೆ: ತಂತ್ರಜ್ಞರಿಗೆಂದು ಮಾಡಿದ ಕೆಟಗರಿಗಳು ಬಳಕೆದಾರರ ಪಟ್ಟಿಯಲ್ಲೂ ಇವೆ, ಮತ್ತೆ, ತಮ್ಮ ಸಾಧನಗಳನ್ನು ಆರಿಸುವ ಪಟ್ಟಿ ಹಲವರಿಗೆ ಖಾಲಿ ಬರುತ್ತಿದೆ.

ಸರ್ವರ್‌ಕೋಣೆ:

ಟೆಂಪ್ಲೇಟ್ ಕೆಟ್ಟಿಲ್ಲ, ಅದರ ಮೇಲೆ ಇನ್ನೊಂದು ಟೆಂಪ್ಲೇಟ್ ಬಂದು ಕೂರುತ್ತಿದೆ. ಯಾವ ಟೆಂಪ್ಲೇಟ್ ಹಾಕಬೇಕೆಂದು ಜಿಎಲ್‌ಪಿಐ ಮೂರು ಕಡೆ ನೋಡುತ್ತದೆ: ಮೊದಲು ಕೆಟಗರಿ, ಅಲ್ಲಿ ಇಲ್ಲದಿದ್ದರೆ ಪ್ರೊಫೈಲ್, ಅಲ್ಲೂ ಇಲ್ಲದಿದ್ದರೆ ಎಂಟಿಟಿ. ಎಂಟಿಟಿಯಲ್ಲಿ ಹಾಕಿದ್ದಕ್ಕೆ ಎಲ್ಲಕ್ಕಿಂತ ಕಡಿಮೆ ಬೆಲೆ. ಬಳಕೆದಾರ ಕೆಟಗರಿ ಆರಿಸುವ ತನಕ ನಿಮ್ಮದು ನಡೆಯುತ್ತದೆ, ಆರಿಸಿದ ಮೇಲೆ ಕೆಟಗರಿಯದ್ದೇ ಮಾತು.

ಸೆಟಪ್ > ಡ್ರಾಪ್‌ಡೌನ್ಸ್ > ಐಟಿಐಎಲ್ ಕೆಟಗರೀಸ್‌ಗೆ ಹೋಗಿ, ತೊಂದರೆ ಕೊಡುವ ಒಂದು ಕೆಟಗರಿ ತೆರೆಯಿರಿ. ಟೆಂಪ್ಲೇಟ್ ಜಾಗಗಳು ಅಲ್ಲಿ ಬೇರೆಬೇರೆ ಇವೆ, ಇನ್ಸಿಡೆಂಟ್ (ಏನೋ ಕೆಟ್ಟಿದೆ ಎಂಬ ದೂರು) ಎಂಬ ಟೈಪ್‌ಗೆ ಒಂದು, ರಿಕ್ವೆಸ್ಟ್ (ಏನೋ ಬೇಕು ಎಂಬ ಕೋರಿಕೆ) ಎಂಬ ಟೈಪ್‌ಗೆ ಒಂದು. ಎರಡನ್ನೂ ನೋಡಿ. ಒಂದನ್ನು ಖಾಲಿ ಮಾಡಿ ಇನ್ನೊಂದನ್ನು ಹಾಗೇ ಬಿಟ್ಟರೆ, ಟೈಪ್ ಬದಲಿಸಿದಾಗ ಮಾತ್ರ ಫೀಲ್ಡ್‌ಗಳು ಬರುವ ಇನ್ನೂ ವಿಚಿತ್ರ ಸ್ಥಿತಿ ಆಗುತ್ತದೆ.

ಎರಡನ್ನೂ ಖಾಲಿ ಮಾಡಿದ ಮೇಲೆ ನಿಮ್ಮ ಚಿಕ್ಕ ಟೆಂಪ್ಲೇಟನ್ನು ಎಂಟಿಟಿಯಿಂದ ತೆಗೆದು ಸೆಲ್ಫ್-ಸರ್ವಿಸ್ ಪ್ರೊಫೈಲ್‌ನ ಅಸಿಸ್ಟೆನ್ಸ್ ಟ್ಯಾಬ್‌ನಲ್ಲಿ ಹಾಕಿ. ಇದು ಮುಖ್ಯ. ಹಿಡನ್ ಫೀಲ್ಡ್ಸ್ ಸರಳ ಇಂಟರ್‌ಫೇಸ್‌ಗೆ ಮಾತ್ರ ಅನ್ವಯ ಆಗುವುದಲ್ಲ. ಅದೇ ಟೆಂಪ್ಲೇಟ್ ಸ್ಟ್ಯಾಂಡರ್ಡ್ ಇಂಟರ್‌ಫೇಸ್‌ನಲ್ಲಿ ಸಿಕ್ಕಿದರೆ ತಂತ್ರಜ್ಞರಿಗೂ ಅರ್ಜೆನ್ಸಿ, ಲೊಕೇಶನ್ ಕಾಣುವುದಿಲ್ಲ. ಎಂಟಿಟಿಯಲ್ಲಿ ಇಟ್ಟರೆ ಆಗುವುದು ಇದೇ. ಟೆಂಪ್ಲೇಟ್ ರೂಟ್ ಎಂಟಿಟಿಯಲ್ಲಿದ್ದರೆ (ಎಲ್ಲಕ್ಕಿಂತ ಮೇಲಿನದು) ಅದರ ಚೈಲ್ಡ್ ಎಂಟಿಟೀಸ್ (ಕೆಳಗಿನ ಎಂಟಿಟಿಗಳಿಗೂ ಅನ್ವಯ) ಎಂಬುದು ಯೆಸ್ ಇರಲಿ.

ತಂತ್ರಜ್ಞರ ಕೆಟಗರಿಗಳಿಗೆ: ಪಟ್ಟಿಯಲ್ಲಿ ಅವನ್ನೆಲ್ಲ ಟಿಕ್ ಮಾಡಿ, ಆ್ಯಕ್ಷನ್ಸ್ > ಅಪ್‌ಡೇಟ್‌ನಲ್ಲಿ ವಿಸಿಬಲ್ ಇನ್ ದಿ ಸಿಂಪ್ಲಿಫೈಡ್ ಇಂಟರ್‌ಫೇಸ್ ಆರಿಸಿ ನೋ ಕೊಡಿ. ಹೊಸ ಕೆಟಗರಿಗೆ ಇದು ತಾನಾಗಿ ಯೆಸ್ ಇರುತ್ತದೆ, ಹಾಗಾಗಿ ಮುಂದೆ ಸೇರಿಸುವಾಗಲೂ ಗಮನಿಸಬೇಕು.

ಬಳ್ಳಿಮಂಟಪ:

ಮೇಲಿನದ್ದೆಲ್ಲ ಸರಿ. ಆದರೆ ಟೈಟಲ್ ಬಚ್ಚಿಡುವ ಮುನ್ನ ಒಮ್ಮೆ ಯೋಚಿಸಿ. ಟೈಟಲ್ ಖಾಲಿ ಬಂದರೆ ಜಿಎಲ್‌ಪಿಐ ವಿವರದ ಆರಂಭದ ಪದಗಳನ್ನೇ ಟೈಟಲ್ ಮಾಡುತ್ತದೆ. ಜನ ವಿವರ ಶುರು ಮಾಡುವುದು "ನಮಸ್ಕಾರ ಸರ್, ನಿನ್ನೆಯಿಂದ" ಎಂದು. ತಂತ್ರಜ್ಞರ ಪಟ್ಟಿಯಲ್ಲಿ ಸಾಲಿಗೆ ಸಾಲು "ನಮಸ್ಕಾರ ಸರ್" ನಿಂತರೆ ಪ್ರಿಂಟರ್ ಯಾವುದು, ಪಾಸ್‌ವರ್ಡ್ ಯಾವುದು ಎಂದು ತಿಳಿಯಲು ಒಂದೊಂದನ್ನೂ ತೆರೆಯಬೇಕು. ಬಳಕೆದಾರನಿಗೆ ಒಂದು ಫೀಲ್ಡ್ ಉಳಿಸಿ ತಂತ್ರಜ್ಞನಿಗೆ ದಿನವಿಡೀ ಕ್ಲಿಕ್ ಹೆಚ್ಚಿಸಿದಂತೆ. ಟೈಟಲ್ ಕಾಣುವಂತೆ ಬಿಡಿ, ಕಡ್ಡಾಯವನ್ನೂ ಮಾಡಿ.

ಅರ್ಜೆನ್ಸಿ ಬಚ್ಚಿಡುವುದಾದರೆ ಪ್ರಿಡಿಫೈನ್ಡ್ ಫೀಲ್ಡ್ಸ್‌ನಲ್ಲಿ ಮೀಡಿಯಂ ಎಂದು ಕೊಟ್ಟಿಡಿ. ಅರ್ಜೆನ್ಸಿ, ಇಂಪ್ಯಾಕ್ಟ್ ಎರಡೂ ಸೇರಿ ಪ್ರಯಾರಿಟಿ ಲೆಕ್ಕ ಆಗುವುದರಿಂದ ಅಲ್ಲಿ ಏನಿದೆ ಎಂದು ನಿಮಗೆ ಖಚಿತ ಇರಬೇಕು. ಒಂದೇ ಫೀಲ್ಡ್ ಕಡ್ಡಾಯದ ಟ್ಯಾಬ್‌ನಲ್ಲೂ ಹಿಡನ್ ಟ್ಯಾಬ್‌ನಲ್ಲೂ ಬೇಡ.

ಟೆಂಪ್ಲೇಟ್‌ನಲ್ಲಿರುವ ಸಿಂಪ್ಲಿಫೈಡ್ ಇಂಟರ್‌ಫೇಸ್ ಟ್ಯಾಬ್‌ನ ಪ್ರಿವ್ಯೂ ನಂಬಿ ಕೂರಬೇಡಿ. ಅದು ಆ ಒಂದು ಟೆಂಪ್ಲೇಟನ್ನಷ್ಟೇ ತೋರಿಸುತ್ತದೆ, ಕೆಟಗರಿ ಬದಲಾದಾಗ ಏನಾಗುತ್ತದೆ ಎಂಬುದನ್ನಲ್ಲ. ಬಳಕೆದಾರನ ಪುಟದಲ್ಲಿ ಇಂಪರ್ಸೊನೇಟ್ ಬಟನ್ ಒತ್ತಿ ಅವರ ಕಣ್ಣಿನಿಂದಲೇ ನೋಡಿ, ಇನ್ಸಿಡೆಂಟ್, ರಿಕ್ವೆಸ್ಟ್ ಎರಡರಲ್ಲೂ ಕೆಟಗರಿಗಳನ್ನು ಒಂದೊಂದಾಗಿ ಆರಿಸಿ. ಪರೀಕ್ಷೆಗೆ ಜಿಎಲ್‌ಪಿಐ ಜೊತೆಗೇ ಬರುವ ಪೋಸ್ಟ್-ಓನ್ಲಿ ಖಾತೆಯೂ ಆಗುತ್ತದೆ, ಅದರ ಮೂಲ ಪಾಸ್‌ವರ್ಡ್ ಮಾತ್ರ ಬದಲಾಗಿರಬೇಕು.

ಹೊಸಹಾಳೆ:

ಎಂಟು ಕೆಟಗರಿಗಳಲ್ಲಿ ಇನ್ಸಿಡೆಂಟ್ ಜಾಗದಲ್ಲಿ ಹಳೆಯ ಟೆಂಪ್ಲೇಟ್ ಕೂತಿತ್ತು. ತೆಗೆದೆ, ಸರಿಹೋಯಿತು. ಟೈಟಲ್ ಕೂಡ ವಾಪಸ್ ತಂದೆ. ಆದರೆ ಪ್ರಿಂಟರ್ ಕೆಟಗರಿಗೆ ಲೊಕೇಶನ್ ಕಡ್ಡಾಯ ಬೇಕೇ ಬೇಕು. ಅದಕ್ಕೆ ಕೆಟಗರಿ ಟೆಂಪ್ಲೇಟ್ ಬಿಟ್ಟು ಬೇರೆ ದಾರಿ ಇದೆಯೇ?

ಸರ್ವರ್‌ಕೋಣೆ:

ಟೆಂಪ್ಲೇಟ್‌ನಿಂದಲೇ ಮಾಡುವುದಾದರೆ ಇಲ್ಲ. ಪ್ರಿಂಟರ್ ಕೆಟಗರಿಗೆ ಪ್ರತ್ಯೇಕ ಟೆಂಪ್ಲೇಟ್ ಮಾಡಿ, ಲೊಕೇಶನ್ ಕಡ್ಡಾಯ ಇಡಿ, ಅಬ್ಸರ್ವರ್ ಒಂದನ್ನೇ ಬಚ್ಚಿಡಿ. ಅರ್ಜೆನ್ಸಿ ಕಾಣುವಂತೆ ಬಿಡಿ, ಏಕೆಂದರೆ ಈ ಟೆಂಪ್ಲೇಟ್ ತಂತ್ರಜ್ಞರಿಗೂ ಬರುತ್ತದೆ. ಬಳಕೆದಾರನಿಗೆ ಒಂದು ಫೀಲ್ಡ್ ಹೆಚ್ಚು ಕಂಡರೂ ನಡೆಯುತ್ತದೆ, ತಂತ್ರಜ್ಞನಿಗೆ ಅದು ಇಲ್ಲದಿದ್ದರೆ ನಡೆಯುವುದಿಲ್ಲ. ಇಂಥ ಕೆಟಗರಿಗಳು ಎರಡು ಮೂರಕ್ಕಿಂತ ಹೆಚ್ಚಾದರೆ ಟೆಂಪ್ಲೇಟ್ ಬಿಟ್ಟು ಫಾರ್ಮ್‌ಕ್ರಿಯೇಟರ್ ಪ್ಲಗಿನ್‌ನಲ್ಲಿ ಫಾರ್ಮ್ ಮಾಡುವುದೇ ಮೇಲು.

ತಂತಿಗಂಟು:

ಖಾಲಿ ಸಾಧನ ಪಟ್ಟಿಗೆ ಮೊದಲು ಪ್ರೊಫೈಲ್‌ನ ಅಸಿಸ್ಟೆನ್ಸ್ ಟ್ಯಾಬ್ ನೋಡಿ: ಟಿಕೆಟ್‌ಗೆ ಜೋಡಿಸಬಹುದಾದ ಐಟಂಗಳಲ್ಲಿ ಕಂಪ್ಯೂಟರ್, ಮಾನಿಟರ್, ಪ್ರಿಂಟರ್ ಸೇರಿರಬೇಕು. ಕೆಲವರಿಗೆ ಬರುತ್ತಿದೆ, ಕೆಲವರಿಗೆ ಇಲ್ಲ ಎನ್ನುವುದರಿಂದ ತಪ್ಪು ಬಹುಶಃ ಕಂಪ್ಯೂಟರ್ ದಾಖಲೆಯಲ್ಲೇ ಇದೆ. ಅಲ್ಲಿ ಯೂಸರ್ ಬೇರೆ, ಆಲ್ಟರ್ನೇಟ್ ಯೂಸರ್‌ನೇಮ್ ಬೇರೆ. ಇನ್ವೆಂಟರಿ ಏಜೆಂಟ್ (ಕಂಪ್ಯೂಟರ್‌ನ ಮಾಹಿತಿಯನ್ನು ತಾನಾಗಿ ಜಿಎಲ್‌ಪಿಐಗೆ ಕಳಿಸುವ ಪ್ರೋಗ್ರಾಂ) ತಂದ ಲಾಗಿನ್ ಹೆಸರು ಎರಡನೆಯದರಲ್ಲಿ ಬರಿಯ ಅಕ್ಷರಗಳಾಗಿ ಕೂರುತ್ತದೆ, ಅದರಿಂದ ಪಟ್ಟಿ ತುಂಬುವುದಿಲ್ಲ. ಯೂಸರ್ ಎಂಬ ಫೀಲ್ಡ್ ಖಾಲಿ ಇರುವ ಕಂಪ್ಯೂಟರ್‌ಗಳನ್ನು ಹುಡುಕಿ ಅದನ್ನು ತುಂಬಿ. ಬದಲಾವಣೆ ಕಾಣದಿದ್ದರೆ ಬಳಕೆದಾರ ಒಮ್ಮೆ ಲಾಗೌಟ್ ಆಗಿ ಮತ್ತೆ ಒಳಗೆ ಬರಲಿ.