ಡಾಕ್ಟ್ರಿಗಿ ಕೇಳ್ರಿ: ರಕ್ತದ ಕ್ಯಾನ್ಸರ್ ಕಣ್ಣಿನ ಹಿಂದ ಗಡ್ಡಿಯಾಗಿ ಬರ್ತದಾ?

ಆಳಂದದ ತಾಯಿ: ನಮಸ್ಕಾರ್ರಿ ಡಾಕ್ಟ್ರೇ. ಮಗಗ ಏಳು ವರ್ಷ. ತಿಂಗಳಾತು ಬಲಗಣ್ಣು ಮುಂದ ಬಂದದ, ಮಲಗಿದ್ರೂ ರೆಪ್ಪಿ ಪೂರಾ ಮುಚ್ಚಂಗಿಲ್ಲ, ಬಿಳಿ ಕಾಣ್ತದ. ಮೊದ್ಲ ಡ್ರಾಪ್ಸ್ ಕೊಟ್ರು, ಆಮ್ಯಾಲ ಹಿಂದ ಗಡ್ಡಿ ಅದ ಅಂತ ತುಣುಕು ತೆಗದು ಟೆಸ್ಟಿಗಿ ಕಳ್ಸಿದ್ರು. ‘ಲಿಂಫೋಮಾ (ಲಿಂಫ್ ಗ್ರಂಥಿ ಕ್ಯಾನ್ಸರ್) ಇರಬಹುದು’ ಅಂತ ಬಂದದ. ತುಣುಕು ಹಸರ್ ಹಸರ್ ಇತ್ತಂತ ಸಿಸ್ಟರ್ ಅಂದ್ರು. ರಕ್ತ ಮಾತ್ರ ನಾರ್ಮಲ್ ಅದ.

ಡಾಕ್ಟರ್: ಅಕ್ಕೋರೆ, ಆ ಹಸರ್ ಅಂದಿದ್ದೇ ನನ್ನ ತಲ್ಯಾಗ ಕುಂತದ. ಮೈಲಾಯ್ಡ್ ಸಾರ್ಕೋಮಾ ಅಂತ ಒಂದದ, ಎಎಂಎಲ್ ರಕ್ತದ ಕ್ಯಾನ್ಸರಿನ ಕಣಗಳೇ ಎಲಬಿನ ಮಜ್ಜಿ ಬಿಟ್ಟು ಹೊರಗ ಗಡ್ಡಿ ಕಟ್ತಾವ, ಕೂಸುಗಳಿಗಿ ಕಣ್ಣಿನ ಗೂಡಿನಾಗ, ದೊಡ್ಡೋರಿಗಿ ಚರ್ಮ, ವಸಡಿನ್ಯಾಗೂ. ಮೈಲೋಪೆರಾಕ್ಸಿಡೇಸ್ ಎಂಜೈಮಿನಿಂದ ಹಸರ್ ಕಾಣ್ತದ, ಅದಕ್ಕೇ 1853ರಾಗ ಕಿಂಗ್ ಅಂಬೋರು ಕ್ಲೋರೋಮಾ ಅಂತ ಹೆಸರಿಟ್ರು. ಎಲ್ಲಾ ಗಡ್ಡಿ ಹಸರ್ ಇರಂಗಿಲ್ಲ, ಹಸರ್ ಇದ್ದಿದ್ದೆಲ್ಲ ಇದೇ ಅಂತನೂ ಅಲ್ಲ. ಆದ್ರ ಮೈಕ್ರೋಸ್ಕೋಪಿನ್ಯಾಗ ಲಿಂಫೋಮಾದಂಗೇ ಕಾಣ್ತದ, ಭಾಳ ಸಲ ತಪ್ತದ. ಅದಕ್ಕ ಸ್ಲೈಡ್, ಬ್ಲಾಕ್ (ಮೇಣದಾಗ ಇಟ್ಟ ತುಣುಕು) ಎರಡೂ ಕೇಳಿ ತೊಗೊಳ್ರಿ, ಎಂಪಿಒ (ಅದೇ ಮೈಲೋಪೆರಾಕ್ಸಿಡೇಸ್), ಸಿಡಿ34, ಸಿಡಿ117 ಅಂಬೋ ಮಾರ್ಕರ್, ಅಂದ್ರ ಕಣ ಯಾವ ಜಾತಿದು ಅಂತ ತೋರ್ಸೋ ಟೆಸ್ಟ್, ಹಾಕಿ ನೋಡ್ಲಿ, ಬೋನ್ ಮ್ಯಾರೋ (ಮಜ್ಜಿ) ಟೆಸ್ಟೂ ಆಗ್ಬೇಕು. ರಕ್ತ ನಾರ್ಮಲ್ ಅಂತ ಸುಮ್ಮ ಕೂಡಬ್ಯಾಡ್ರಿ, ಇದೇ ರೋಗ ಆಗಿದ್ರ ಮಜ್ಜಿ ಸ್ವಚ್ಛ ಇದ್ರೂ ಕೀಮೋ ಎಎಂಎಲ್‌ಗಿ ಕೊಟ್ಟಂಗೇ ಕೊಡ್ಬೇಕಾಗ್ತದ, ಬರೇ ಗಡ್ಡಿ ತೆಗಸಿ ಬಿಟ್ರ ಸಾಮಾನ್ಯವಾಗಿ ತಿಂಗಳುಗಳಾಗ ರಕ್ತಕ್ಕ ಬರ್ತದ. ಅಂಗಡ್ಯಾಗಿಂದು ಸ್ಟಿರಾಯ್ಡ್ ತಂದು ಕೊಡಬ್ಯಾಡ್ರಿ. ಕಣ್ಣು ಒಣಗಬಾರ್ದು, ಯಾವ ಡ್ರಾಪ್ಸ್ ಅಂತ ಕಣ್ಣಿನ ಡಾಕ್ಟ್ರಿಗಿ ಇವತ್ತೇ ಕೇಳ್ರಿ.

ಶಹಾಬಾದ್: ಸರ, ಇದು ಅಂಟತದಾ?

ಡಾಕ್ಟರ್: ಇಲ್ಲ.

ಸೇಡಂ: ಕಾಕಾಗ ವಸಡು ಉಬ್ಬಿ ರಕ್ತ ಬರ್ತದ್ರಿ, ಹಲ್ಲು ಕೀಳಸ್ಲಾ?

ಡಾಕ್ಟರ್: ಮೊದ್ಲ ಸಿಬಿಸಿ (ರಕ್ತಕಣಗಳ ಎಣಿಕಿ), ಸ್ಮಿಯರ್ (ರಕ್ತದ ಹನಿ ಮೈಕ್ರೋಸ್ಕೋಪಿನ್ಯಾಗ ನೋಡೋದು). ಆಮ್ಯಾಲ ಹಲ್ಲು.

ಬೀದರ್: ಪಪ್ಪಾಯಿ ಎಲಿ ರಸ ಇಪ್ಪತ್ತೊಂದು ದಿನ ಕುಡಸ್ರಿ, ಗಡ್ಡಿ ಕರಗ್ತದ. ಫಾರ್ವರ್ಡ್ ಆಗಿ ಬಂದದ, ಎಲ್ಲಾರಿಗೂ ಹಂಚ್ರಿ.

ಡಾಕ್ಟರ್: ಹೋದ ವಾರನೂ ಇದೇ ಹಾಕಿದ್ರಿ. ಇಪ್ಪತ್ತೊಂದು ದಿನ ಆ ಹುಡುಗನ ಕಣ್ಣಿಗಿ ಇಲ್ರಿ.

ಬೀದರ್: ನಮ್ಮ ಮುತ್ಯಾ ಅದರಿಂದ್ಲೇ ಆರಾಮಾದ.

ಶಹಾಬಾದ್: ನಿಮ್ಮ ಮುತ್ಯಾಗ ಡೆಂಗಿ ಆಗಿತ್ತು ಅಂತ ನೀವೇ ಬರದಿದ್ರಿ!

ಬೀದರ್: ನಿನಗೇನ್ ಗೊತ್ತಪಾ, ಎಲ್ಲಾದಕ್ಕೂ ಹೈದ್ರಾಬಾದ್‌ಗಿ ಓಡೋರು ನೀವು.

ಸೇಡಂ: ರೇಷನ್ ಕಾರ್ಡಿನ ಮ್ಯಾಲ ಕೀಮೋ ಆಗ್ತದೇನ್ರಿ?

ಶಹಾಬಾದ್: ಸೊಲ್ಲಾಪುರಕ್ಕ ಹೋಗ್ರಿ, ಇಲ್ಲೇನದ.

ಡಾಕ್ಟರ್: ಜಗಳ ಬ್ಯಾರೆ ಕಡಿ ಮಾಡ್ರಿ. ಕಲಬುರಗ್ಯಾಗ ಕಿದ್ವಾಯಿ ಕ್ಯಾನ್ಸರ್ ಸೆಂಟರ್ ಅದ. ಅಕ್ಕೋರೆ, ಬ್ಲಾಕ್ ಸಿಕ್ತಾ?

ಆಳಂದದ ತಾಯಿ: ಸಿಕ್ತ್ರಿ. ಮೇಣದ ತುಣುಕು, ಡಬ್ಬ್ಯಾಗ ಹಾಕಿ ಕೈಚೀಲದಾಗ ಇಟ್ಟೀನಿ. ಮುಂಜಾನಿ ಮೊದಲ್ನೇ ಬಸ್ಸಿಗಿ ಬರ್ತೀವಿ.